ಹತ್ತು ಸೆಕೆಂಡಿಗೊಂದು ಚಿತ್ರ

ಬೆಳಿಗ್ಗೆಯಿಂದ ಶೀಲಾಳ ಕೈಕಾಲು ತಣ್ಣಗಿದ್ದವು. ಮಾರ್ಚ್ ತಿಂಗಳು, ಫ್ಯಾನು ಎಷ್ಟು ತಿರುಗಿದರೂ ಬೆವರು ಆರದ ಕೋಣೆ, ಆದರೂ ತಣ್ಣಗಿದ್ದವು. ಎದುರಿನ ಕಂಪ್ಯೂಟರಿನಲ್ಲಿ ಮೂರು ಗಿಡುಗದ ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ನಿದ್ದೆ ಹೋಗಿದ್ದವು. ಅವುಗಳ ತಾಯಿ ಬೇಟೆಗೆ ಹೋಗಿತ್ತು. ಬರುವಾಗ ಅದು ಕಾಲಲ್ಲಿ ಏನು ಹಿಡಿದು ತರುತ್ತದೋ ಎನ್ನುವುದೇ ಶೀಲಾಳ ಹೆದರಿಕೆ. ಅವಳ ಗಂಡ ಯೋಗರಾಜ್ ಅವತ್ತು ಬೆಳಿಗ್ಗೆ ಇದೇ ಕಟ್ಟಡದ ಹಿಂದಿನ ಬಯಲಿನಲ್ಲಿ ಒಂದು ಪಾರಿವಾಳ ಹಾರಿಸಿ ಹೋಗಿದ್ದ. ಅದರ ಕತ್ತಿನ ಗರಿಗೆ ಗದ್ದೆಗೆ ಹೊಡೆಯುವ ವಿಷ ಹಚ್ಚಿದ್ದ.

ಗಿಡುಗ ಪಾರಿವಾಳ ತಂದರೆ ಮೊದಲು ಗರಿ ಕೀಳುತ್ತದೆ, ಕತ್ತಿನ ಕಡೆಯಿಂದಲೇ ಶುರು. ಆಮೇಲೆ ಮಾಂಸವನ್ನು ಚೂರು ಚೂರು ಮಾಡಿ ಮರಿಗಳ ಬಾಯಿಗಿಡುತ್ತದೆ. ಮೊಟ್ಟೆ ಒಡೆದು ಮರಿ ಬಂದಾಗಿನಿಂದ ಶೀಲಾ ಇದನ್ನು ದಿನವೂ ನೋಡಿದ್ದಳು. ಸಂಜೆ ಗಂಡನಿಗೆ ಬಡಿಸುತ್ತಾ ಬಡಿಸುತ್ತಾ ಅದನ್ನೆಲ್ಲ ಬಾಯಿ ತುಂಬ ವರ್ಣಿಸಿದವಳೂ ಅವಳೇ. ಯಾಕಾದರೂ ಹೇಳಿದೆನೋ ಎಂದು ಈಗ ಅವಳಿಗೆ ತನ್ನ ನಾಲಿಗೆಯ ಮೇಲೇ ಸಿಟ್ಟು ಬರುತ್ತಿತ್ತು.

ಗೂಡಿಗೆ ಕ್ಯಾಮೆರಾ ಹಾಕಿಸಿದ್ದು ಪ್ರಾಣಿಶಾಸ್ತ್ರದ ಲಕ್ಷ್ಮೀಕಾಂತ ಮೇಷ್ಟ್ರು. ಮಲವಗೊಪ್ಪ ದಾಟಿ ಭದ್ರಾವತಿ ಕಡೆಗೆ ಹೋಗುವ ರಸ್ತೆಯಲ್ಲಿ ಕಾಣುವ ವಿಶ್ವವಿದ್ಯಾಲಯದ ಆ ಎತ್ತರದ ಕಟ್ಟಡದ ತುದಿಯಲ್ಲಿ, ಕಿಟಕಿಯ ಕೆಳಗಿನ ಸಜ್ಜದ ಮೇಲೆ ಈ ಜೋಡಿ ಮೊಟ್ಟೆ ಇಟ್ಟಾಗ ಮೇಷ್ಟ್ರು ಮದುವೆ ಮನೆಯ ಯಜಮಾನರಂತೆ ಓಡಾಡಿಬಿಟ್ಟಿದ್ದರು. "ಶಾಹೀನ್ ಡೇಗೆ ಕಣಮ್ಮ ಇದು! ಬೆಟ್ಟದ ಬಂಡೆ ಮೇಲೆ ಮರಿ ಮಾಡೋ ಹಕ್ಕಿ, ನಮ್ಮ ಬಿಲ್ಡಿಂಗ್‌ನೇ ಬಂಡೆ ಅಂದ್ಕೊಂಡಿದೆ!" ಎಂದು ಎದುರಿಗೆ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ ಹೇಳಿದರು. ಎಲ್ಲಿಂದಲೋ ಒಂದು ವೆಬ್‌ಕ್ಯಾಮ್ ತರಿಸಿ, ಕಿಟಕಿಗೆ ರಟ್ಟು ಮರೆಕಟ್ಟಿ, ವೈರು ಎಳೆಸಿ, ಗೂಡನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿಗೆ ಏರಿಸಿದರು. ಎರಡು ಸಾವಿರದ ಆರನೇ ಇಸವಿಯ ಇಂಟರ್ನೆಟ್ಟು, ಎತ್ತಿನಗಾಡಿಯೇ ವಾಸಿ. ವಿಡಿಯೋ ಓಡುತ್ತಿರಲಿಲ್ಲ. ಹತ್ತು ಸೆಕೆಂಡಿಗೊಂದು ಚಿತ್ರ ಬರುತ್ತಿತ್ತು, ನಡುವೆ ನಡೆದದ್ದು ದೇವರಿಗೇ ಗೊತ್ತು. ಆ ಚಿತ್ರ ನಿಲ್ಲದ ಹಾಗೆ ನೋಡಿಕೊಳ್ಳುವುದು, ನಿಂತರೆ ಮತ್ತೆ ಶುರು ಮಾಡುವುದು ಗುತ್ತಿಗೆಯ ಆಪರೇಟರ್ ಶೀಲಾಳ ಕೆಲಸ.

ಮೇಷ್ಟ್ರಿಗೆ ಅದು ಶಾಹೀನ್ ಡೇಗೆ. ಭದ್ರಾವತಿಯ ಪಾರಿವಾಳದವರಿಗೆ ಅದು ಗಿಡುಗ, ಅಂದರೆ ಯಮ. ಉಕ್ಕಿನ ಕಾರ್ಖಾನೆಯ ಕ್ವಾರ್ಟರ್ಸುಗಳಲ್ಲಿ, ಜನ್ನಾಪುರದ ತಾರಸಿಗಳ ಮೇಲೆ ಪಾರಿವಾಳದ ಹುಚ್ಚು ಹತ್ತಿದವರು ಬೇಕಾದಷ್ಟು ಮಂದಿ ಇದ್ದರು. ಭಾನುವಾರ ಬೆಳಿಗ್ಗೆ ಹಕ್ಕಿ ಬಿಟ್ಟು, ಯಾರದು ಹೆಚ್ಚು ಹೊತ್ತು ಆಕಾಶದಲ್ಲಿ ನಿಲ್ಲುತ್ತದೆ ಎಂದು ಕುತ್ತಿಗೆ ಉಳುಕುವವರೆಗೂ ಮೇಲೆ ನೋಡುವ ಜನ. ಶೀಲಾಳ ಅಪ್ಪ, ಜನ್ನಾಪುರದ ನಾಗಯ್ಯ, ಅವರಲ್ಲಿ ಹಿರಿಯರು. ಕುಲುಮೆಯ ಮುಂದೆ ಜೀವಮಾನ ಸವೆಸಿ, ಕಿವಿ ಅರ್ಧ ಕಳೆದುಕೊಂಡು ರಿಟೈರಾದವರು. ಯೋಗರಾಜ್ ಅವರ ತಾರಸಿಗೆ ಹಕ್ಕಿ ಸಾಕುವುದನ್ನು ಕಲಿಯಲು ಬಂದವನು, ಕಲಿತು ಮುಗಿಯುವಷ್ಟರಲ್ಲಿ ಅಳಿಯನಾಗಿ, ಮಲವಗೊಪ್ಪದ ತನ್ನ ತಾರಸಿಯಲ್ಲೇ ಹಕ್ಕಿ ಸಾಕತೊಡಗಿದ. ಮಾವ ಅಳಿಯ ಇಬ್ಬರಿಗೂ ಒಂದೇ ಹುಚ್ಚಿದ್ದರೆ ನಡುವೆ ಸಿಕ್ಕ ಹೆಣ್ಣಿನ ಪಾಡೇನು ಎನ್ನುವುದನ್ನು ಶೀಲಾಳನ್ನೇ ಕೇಳಬೇಕು. ಭಾನುವಾರ ಅಪ್ಪ ಗೆದ್ದರೆ ಗಂಡ ಊಟ ಬಿಡುತ್ತಿದ್ದ, ಗಂಡ ಗೆದ್ದರೆ ಅಪ್ಪನಿಗೆ ತಲೆನೋವು.

ಈ ಪಾರಿವಾಳದವರಲ್ಲಿ ಒಂದು ಬಿಗಿಯಾದ ಕಟ್ಟಳೆ ಇತ್ತು. ಒಬ್ಬರ ಹಕ್ಕಿ ದಾರಿ ತಪ್ಪಿ ಇನ್ನೊಬ್ಬರ ತಾರಸಿಗೆ ಇಳಿದರೆ ಇವರು ಹೇಳುವುದಿಲ್ಲ, ಅವರು ಕೇಳುವುದಿಲ್ಲ. ಕೇಳಿದರೆ ಕಳೆದುಕೊಂಡವನ ಮಾನ ಹೋಯಿತು. ತಾನಾಗಿ ಕೊಟ್ಟರೆ ಹಿಡಿದವನು ಗಂಡಸೇ ಅಲ್ಲ. ಕಣ್ಣೆದುರೇ ತನ್ನ ಹಕ್ಕಿ ಪಕ್ಕದವನ ಗೂಡಲ್ಲಿ ಕೂತಿದ್ದರೂ ಕಾಣದವರಂತೆ ಬೀಡಿ ಹಚ್ಚಿಕೊಂಡು ಹೋಗುವವರು ಇವರು.

ಒಂದು ತಿಂಗಳ ಹಿಂದೆ ನಾಗಯ್ಯನವರ ಮಚ್ಚೆ ಎಂಬ ಪಾರಿವಾಳ ಕಳೆದುಹೋಗಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಬೂದು ಹಕ್ಕಿ ಅದು. ಪಂದ್ಯಕ್ಕೆ ಬಿಟ್ಟರೆ ಸಂಜೆಯವರೆಗೂ ಇಳಿಯದ ಹಕ್ಕಿ. ಆ ಭಾನುವಾರ ಇಳಿಯಲೇ ಇಲ್ಲ. ನಾಗಯ್ಯ ತಾರಸಿಯ ಮೇಲೆಯೇ ಚಾಪೆ ಹಾಸಿಕೊಂಡು ಮಲಗಿದರು. ಮೂರನೇ ದಿನ "ಗಿಡುಗ ತಿಂತು" ಎಂದು ಎಲ್ಲರೆದುರು ಚಿಕ್ಕ ಮಕ್ಕಳಂತೆ ಅತ್ತರು. ಯೋಗರಾಜ್ ಮಾವನ ಪಕ್ಕದಲ್ಲೇ ಕೂತು "ಹೌದು ಮಾವ, ಗಿಡುಗಾನೇ" ಎಂದು ಬೆನ್ನು ಸವರಿದ್ದ.

ಹಿಂದಿನ ದಿನ ಸಂಜೆ ಶೀಲಾ ಕೆಲಸದಿಂದ ಮಲವಗೊಪ್ಪದ ಮನೆಗೆ ಬಂದಾಗ ಹಿತ್ತಲಿನಿಂದ ಔಷಧಿಯ ವಾಸನೆ ಅಡಿಗೆಮನೆಯವರೆಗೂ ಹೊಡೆಯುತ್ತಿತ್ತು. ಯೋಗರಾಜ್ ಮೂಗಿಗೆ ಟವೆಲ್ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಕೂತಿದ್ದ. ಪಕ್ಕದಲ್ಲಿ ಬಟ್ಟೆ ಮುಚ್ಚಿದ ಬುಟ್ಟಿ. ಒಳಗೆ ಹಕ್ಕಿ ಪಟಪಟ ಎನ್ನುತ್ತಿತ್ತು.

"ಏನ್ರೀ ಅದು?"

"ನೀನು ಒಳಗೆ ಹೋಗು."

"ಏನು ಅಂತ ಕೇಳ್ದೆ ನಾನು."

"ಗಿಡುಗಕ್ಕೆ ಊಟ," ಎಂದ ಯೋಗರಾಜ್. "ನಾಳೆ ಬೆಳಿಗ್ಗೆ ನಿಮ್ಮ ಬಿಲ್ಡಿಂಗ್ ಹಿಂದೆ ಬಿಡ್ತೀನಿ. ಸಂತೇಲಿ ತಂದ ಹಕ್ಕಿ, ರೆಕ್ಕೇಲಿ ಶಕ್ತಿ ಇಲ್ಲ. ಮೇಲೆ ಏಳೋದ್ರೊಳಗೆ ಹಿಡ್ಕೊಂಡು ಹೋಗುತ್ತೆ."

"ಮೂರು ಮರಿ ಇದಾವಲ್ರೀ ಅಲ್ಲಿ!"

"ಮರಿ ದೊಡ್ಡದಾದ್ಮೇಲೆ ಏನು ಸೊಪ್ಪು ತಿನ್ನುತ್ತಾ? ಮಾರಾಯ್ತಿ, ಮಚ್ಚೆ ಹೋದಾಗ ನಿಮ್ಮಪ್ಪ ಹೆಂಗೆ ಅತ್ರು ನೋಡಿದ್ಯಲ್ಲ. ಅವರಿಗೋಸ್ಕರಾನೇ ಮಾಡ್ತಿರೋದು ಇದು."

"ನಾನು ಮೇಷ್ಟ್ರಿಗೆ ಹೇಳ್ತೀನಿ."

"ಹೇಳು. ಜೈಲಿಗೆ ಹಾಕ್ತಾರೆ. ಭಾನುವಾರ ಭಾನುವಾರ ಬುತ್ತಿ ತಗೊಂಡು ಬಾ." ಬುಟ್ಟಿಯನ್ನು ಎತ್ತಿಕೊಂಡು ಹೋಗಿ ಅವನು ತನ್ನ ಲಗೇಜ್ ಆಟೊ ನಿಲ್ಲಿಸುವ ಶೆಡ್ಡಿನೊಳಗಿಟ್ಟು ಬೀಗ ಹಾಕಿದ.

ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಧೈರ್ಯ ಎಲ್ಲಿಂದ ಬರಬೇಕು? ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ಮೇಷ್ಟ್ರು ಕಾಫಿ ಲೋಟ ಹಿಡಿದುಕೊಂಡೇ ಅವಳ ಕೋಣೆಗೆ ಬಂದು, "ನಾಳೆ ಫಾರೆಸ್ಟ್‌ನವರು ಬರ್ತಾರಮ್ಮ ಮರಿ ನೋಡೋಕೆ. ಈ ಹಕ್ಕಿಗೆ ಕೈ ಹಚ್ಚಿದ್ರೆ ವರ್ಷಗಟ್ಟಲೆ ಒಳಗೆ, ಬೇಲ್ ಕೂಡ ಸಿಗಲ್ಲ, ಗೊತ್ತಾ?" ಎಂದು ಹೆಮ್ಮೆಯಿಂದ ಹೇಳಿ ಹೋದರು. ಶೀಲಾ ಹ್ಞೂಂ ಎಂದಳು.

ಒಂದೊಂದೇ ಚಿತ್ರ ಬಂತು. ಮರಿ. ಮರಿ. ಮರಿ ಆಕಳಿಸಿತು. ಸಜ್ಜದ ಅಂಚು ಖಾಲಿ. ಇನ್ನೊಂದು ಚಿತ್ರದಲ್ಲಿ ತಾಯಿ ಗಿಡುಗ ಬಂದು ಕೂತಿತ್ತು, ಕಾಲ ಕೆಳಗೆ ಏನೋ ಇತ್ತು. ಶೀಲಾ ಕುರ್ಚಿಯಿಂದ ಅರ್ಧ ಎದ್ದಳು. ಹತ್ತು ಸೆಕೆಂಡು ಎಂದರೆ ಒಂದು ಯುಗ. ಮುಂದಿನ ಚಿತ್ರದಲ್ಲಿ ಅದು ಪಕ್ಕಕ್ಕೆ ಸರಿದಿತ್ತು, ಕಾಲ ಕೆಳಗೆ ಹಸಿರು ಬಾಲ ಕಂಡಿತು. ಗಿಳಿ. ಶೀಲಾ ದೊಪ್ಪನೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು. ಪಾಪದ ಗಿಳಿ ಸತ್ತದ್ದಕ್ಕೆ ಇಷ್ಟು ಸಂತೋಷಪಟ್ಟ ಹೆಂಗಸು ಶಿವಮೊಗ್ಗದಲ್ಲಿ ಬೇರೆ ಇರಲಿಕ್ಕಿಲ್ಲ.

ಆಮೇಲೆ ಗಂಡು ಗಿಡುಗ ಬಂತು. ಅದು ಹೆಣ್ಣಿಗಿಂತ ಚಿಕ್ಕದು, ತಂದದ್ದನ್ನು ಕೊಟ್ಟು ಓಡುವುದೇ ಅದರ ಕೆಲಸ. ಈ ಸಲ ತಂದದ್ದು ಪಾರಿವಾಳವೇ. ತಾಯಿ ಆಗಲೇ ಕತ್ತಿಗೆ ಕೊಕ್ಕು ಹಾಕಿತ್ತು, ಮರಿಗಳು ಎದ್ದು ಬಾಯಿ ತೆರೆದು ನಿಂತಿದ್ದವು. ಶೀಲಾ ಎದ್ದು ನಿಂತು ಮಾನಿಟರಿನ ಎರಡೂ ಬದಿಯನ್ನು ಕೈಯಲ್ಲಿ ಹಿಡಿದುಕೊಂಡಳು, ಅದನ್ನೇ ಅಲ್ಲಾಡಿಸಿದರೆ ಹಕ್ಕಿ ಬಿಟ್ಟುಬಿಡುತ್ತದೆ ಎನ್ನುವಂತೆ. "ಬೇಡ, ಬೇಡ, ಬೇಡ" ಎಂದು ಬಾಯಲ್ಲೇ ಅಂದುಕೊಂಡಳು. ಮೆಟ್ಟಿಲು ಹತ್ತಿ ಹೋಗಿ ಕಿಟಕಿ ತೆಗೆದು ಓಡಿಸಿಬಿಡಲೇ? ಓಡಿಸಿದರೆ ಯಾಕೆ ಓಡಿಸಿದೆ ಎಂದು ಮೇಷ್ಟ್ರು ಕೇಳುತ್ತಾರೆ. ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಗಾಳಿಗೆ ಗರಿಗಳು ಸಜ್ಜದ ತುಂಬ ಹಾರಿದವು. ಎಲ್ಲ ಅಚ್ಚ ಬಿಳಿ, ಒಣಗಿದ, ಶುದ್ಧ ಗರಿ. ಯೋಗರಾಜನ ಬುಟ್ಟಿಯಿಂದ ಇಣುಕಿದ್ದ ಒಂದು ಗರಿಯನ್ನು ಅವಳು ನೋಡಿದ್ದಳು. ಅದು ಬೂದು ಬಣ್ಣದ್ದು. ಇದು ಅದಲ್ಲ. ಮರಿಗಳು ಹೊಟ್ಟೆ ತುಂಬ ತಿಂದವು, ಮತ್ತೆ ಒಂದರ ಮೇಲೊಂದು ಬಿದ್ದು ಮಲಗಿದವು. ಏನೂ ಆಗಲಿಲ್ಲ.

ಊಟದ ಹೊತ್ತಾದರೂ ಅವಳು ಡಬ್ಬಿ ತೆಗೆಯಲಿಲ್ಲ. ಬಿಸಿಲು ಏರಿತು. ತಾಯಿ ಗಿಡುಗ ಮತ್ತೆ ಹಾರಿಹೋಯಿತು. ಎಲ್ಲೋ ದೂರದಲ್ಲಿ ಕಾಗೆಗಳು ಒಮ್ಮೆಲೇ ಕಿರುಚಿಕೊಂಡದ್ದು ಕಿಟಕಿಯಿಂದ ಕೇಳಿಸಿತು. ಅದಾದ ಸ್ವಲ್ಪ ಹೊತ್ತಿಗೆ ಬಂದ ಚಿತ್ರದಲ್ಲಿ ಸಜ್ಜದ ಮೇಲೆ, ಮರಿಗಳಿಂದ ದೂರದ ಮೂಲೆಯಲ್ಲಿ, ಕ್ಯಾಮೆರಾದ ಮೂಗಿಗೇ ಎನ್ನುವಷ್ಟು ಹತ್ತಿರ ಒಂದು ಬೂದು ಪಾರಿವಾಳ ಕೂತಿತ್ತು.

ಜೀವಂತ ಪಾರಿವಾಳ. ಬೆಳಿಗ್ಗೆಯಿಂದ ಎಲ್ಲಿ ಅಡಗಿ ಕೂತಿತ್ತೋ, ಈಗ ಅಟ್ಟಿಸಿಕೊಂಡು ಬಂದ ಗಿಡುಗದಿಂದ ಹೇಗೋ ತಪ್ಪಿಸಿಕೊಂಡು, ಕಟ್ಟಡ ಕಂಡದ್ದೇ ಕುರುಡಾಗಿ ನುಗ್ಗಿ, ಬೇರೆಲ್ಲೂ ಜಾಗ ಸಿಗದೆ ಆ ಯಮನ ಮನೆಯ ಹೊಸ್ತಿಲಲ್ಲೇ ಬಂದು ಕೂತಿತ್ತು. ಗೋಡೆಗೆ ಮೈ ಅಂಟಿಸಿಕೊಂಡು, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಕತ್ತಿನ ಗರಿಗಳು ಎಣ್ಣೆ ಹಚ್ಚಿದ ಕೂದಲಿನಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಶೀಲಾಳ ಕಣ್ಣು ಮೊದಲು ಕತ್ತಿಗೆ ಹೋಯಿತು, ಆಮೇಲೆ ಹಣೆಗೆ. ಹಣೆಯ ಮೇಲೆ ಬಿಳಿ ಚುಕ್ಕೆ.

ಬೇರೆ ಹಕ್ಕಿಗೂ ಚುಕ್ಕೆ ಇರಬಹುದು ಎಂದುಕೊಂಡಳು. ಮುಂದಿನ ಚಿತ್ರದಲ್ಲಿ ಅದು ಕಾಲು ಬದಲಿಸಿತು. ಬಲಗಾಲಿನ ಒಂದು ಬೆರಳು ಮೊಂಡು. ಮರಿಯಾಗಿದ್ದಾಗ ಗೂಡಿನ ಬಾಗಿಲಿಗೆ ಸಿಕ್ಕಿ ತುಂಡಾದ ಬೆರಳು. ತವರಿಗೆ ಹೋಗಿದ್ದ ಶೀಲಾಳೇ ಅದಕ್ಕೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದಳು.

ಮಚ್ಚೆ. ಗಿಡುಗ ತಿಂದು ತಿಂಗಳಾಯಿತು ಎಂದು ಅಪ್ಪ ಅತ್ತ ಮಚ್ಚೆ.

ಅವಳಿಗೆ ಎಲ್ಲ ಒಟ್ಟಿಗೇ ಅರ್ಥವಾಯಿತು. ಸಂತೆಯೂ ಇಲ್ಲ, ಮಣ್ಣೂ ಇಲ್ಲ. ಆ ಭಾನುವಾರ ಮಚ್ಚೆ ಇಳಿದದ್ದು ಅಳಿಯನ ತಾರಸಿಗೆ. ಕಟ್ಟಳೆ ಪ್ರಕಾರ ಅವನು ಬಾಯಿ ಬಿಡಲಿಲ್ಲ. ರೆಕ್ಕೆಗೆ ದಾರ ಕಟ್ಟಿ ಶೆಡ್ಡಿನ ಕತ್ತಲೆಯಲ್ಲಿ ಮುಚ್ಚಿಟ್ಟ. ಮಾವ ಗಿಡುಗದ ಮೇಲೆ ಹೊರಿಸಿದರು, ಇವನು ಹೌದೆಂದ. ಹೌದೆಂದ ಮೇಲೆ ಆ ಹಕ್ಕಿಯನ್ನು ಹಾರಿಸುವ ಹಾಗಿಲ್ಲ, ಕೊಡುವ ಹಾಗಿಲ್ಲ, ಕೊಲ್ಲಲು ಕೈ ಬರುವುದಿಲ್ಲ. ಗಿಡುಗದ ಬಾಯಿಗೆ ಹಾಕಿದರೆ ಗಿಡುಗವೂ ಹೋಯಿತು, ತನ್ನ ಸುಳ್ಳೂ ನಿಜವಾಯಿತು. ಎಲ್ಲ ಲೆಕ್ಕ ಹಾಕಿದ ಆ ಜಾಣ ಒಂದನ್ನು ಮಾತ್ರ ಯೋಚಿಸಿರಲಿಲ್ಲ. ಗಿಡುಗ ಹಿಡಿಯದಿದ್ದರೆ ಮಚ್ಚೆ ಎಲ್ಲಿಗೆ ಹೋಗುತ್ತದೆ? ಕಟ್ಟು ಬಿಚ್ಚಿದ ಪಾರಿವಾಳ ಹೋಗುವ ಜಾಗ ಒಂದೇ.

ಅಲ್ಲಿ ಅಪ್ಪ ಇದ್ದಾರೆ. ಹಾರಿ ದಣಿದು ಬಂದ ಹಕ್ಕಿಗೆ ನಾಗಯ್ಯ ಬಟ್ಟಲಲ್ಲಿ ನೀರಿಡುವವರಲ್ಲ. ಹಳೆಯ ಕಾಲದ ಪಾರಿವಾಳದವರು ಅವರು. ಬಾಯಿ ತುಂಬ ನೀರು ತುಂಬಿಕೊಂಡು, ಹಕ್ಕಿಯನ್ನು ಎದೆಗೆ ಒತ್ತಿ ಹಿಡಿದು, ಅದರ ಕೊಕ್ಕನ್ನು ತಮ್ಮ ತುಟಿಗಳ ನಡುವೆ ಇಟ್ಟುಕೊಂಡು ಕುಡಿಸುತ್ತಿದ್ದರು. ಹಕ್ಕಿಗಳಿಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ಇಳಿದ ಕೂಡಲೇ ಹೆಗಲೇರಿ ತುಟಿ ಹುಡುಕುತ್ತಿದ್ದವು. ತಿಂಗಳಾದ ಮೇಲೆ, ಸತ್ತೇ ಹೋಯಿತು ಎಂದುಕೊಂಡ ಮಚ್ಚೆ ಬಂದರೆ ಅವರು ನೀರಷ್ಟೇ ಕುಡಿಸಿ ಸುಮ್ಮನಿರುತ್ತಾರೆಯೇ? ತಲೆ, ಕತ್ತು, ಬೆನ್ನು ಎನ್ನದೆ ಮುತ್ತಿಡುತ್ತಾರೆ.

ಪರದೆಯ ಮೇಲೆ ಹೊಸ ಚಿತ್ರ ಬಂತು. ತಾಯಿ ಗಿಡುಗ ಸಜ್ಜದ ಇನ್ನೊಂದು ತುದಿಗೆ ಬಂದು ಕೂತು, ಮಚ್ಚೆಯನ್ನೇ ನೋಡುತ್ತಿತ್ತು.

"ಹಿಡಿ," ಎಂದಳು ಶೀಲಾ. ಬೆಳಿಗ್ಗೆಯಿಂದ ಬೇಡ ಬೇಡ ಎಂದು ಬೇಡಿಕೊಂಡಿದ್ದ ಬಾಯಿ ಅದು. "ಹಿಡಿಯೇ, ನಿನ್ನ ದಮ್ಮಯ್ಯ, ಹಿಡ್ಕೊಂಡುಬಿಡು."

ಹಾಗೆ ಹೇಳುತ್ತಿರುವಾಗಲೇ ಅವಳ ಕಣ್ಣು ಆ ಮೂರು ಮರಿಗಳ ಮೇಲೆ ಬಿತ್ತು. ಒಂದು ಮರಿ ಎದ್ದು ಕೂತು ಕ್ಯಾಮೆರಾದ ಕಡೆಗೇ ನೋಡುತ್ತಿತ್ತು. ಶೀಲಾ ಮುಖ ತಿರುಗಿಸಲಿಲ್ಲ. ಅಪ್ಪನ ಮುಂದೆ ಅವಳಿಗೆ ಯಾವ ಮರಿಯೂ ಬೇಕಿರಲಿಲ್ಲ. ಸಾಯಲಿ, ಮೂರೂ ಸಾಯಲಿ, ಗಂಡ ಜೈಲಿಗೆ ಹೋಗಲಿ, ಆ ಹಕ್ಕಿ ಜನ್ನಾಪುರ ಮುಟ್ಟದಿದ್ದರೆ ಸಾಕು. ಆದರೆ ಕೂತ ಹಕ್ಕಿಯನ್ನು ಈ ಜಾತಿ ಹಿಡಿಯುವುದು ಅಪರೂಪ, ಹಾರಿದರೇ ಅದಕ್ಕೆ ಬೇಟೆ ಎಂದು ಮೇಷ್ಟ್ರು ಹೇಳಿದ್ದು ಅವಳಿಗೆ ನೆನಪಾಯಿತು. ಗಿಡುಗ ಕೂತೇ ಇತ್ತು. ಮಚ್ಚೆಯೂ ಕೂತೇ ಇತ್ತು. ಮತ್ತೊಂದು ಚಿತ್ರ, ಹಾಗೆಯೇ. ಮತ್ತೊಂದು, ಹಾಗೆಯೇ. ಅದರ ಮುಂದಿನದರಲ್ಲಿ ಮೂಲೆ ಖಾಲಿ.

ಗಿಡುಗ ಇದ್ದಲ್ಲೇ ಇತ್ತು, ಮರಿಗಳ ಕಡೆ ತಿರುಗಿ ಕೂತಿತ್ತು. ಅದರ ಹೊಟ್ಟೆ ತುಂಬಿತ್ತೋ ಏನೋ, ಯಾರಿಗೆ ಗೊತ್ತು.

ಶೀಲಾ ಜನ್ನಾಪುರದ ಮನೆಗೆ ಫೋನ್ ಹಚ್ಚಿದಳು. ಬಾರಿಸಿತು, ಬಾರಿಸಿತು, ನಿಂತಿತು. ಅಮ್ಮ ಈಶ್ವರಮ್ಮ ಶಿವಮೊಗ್ಗದ ಗೋಪಾಳದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಫೋನು ಕೆಳಗೆ, ಅಪ್ಪ ತಾರಸಿಯ ಮೇಲೆ; ಪಕ್ಕದಲ್ಲೇ ಬಾರಿಸಿದರೂ ಆ ಕಿವಿಗೆ ಕೇಳಿಸುವುದು ಕಷ್ಟ. ಅವಳು ಗಂಡನ ಮೊಬೈಲಿಗೆ ಮಾಡಿದಳು.

"ಹೇಳು," ಎಂದ ಯೋಗರಾಜ್. "ಆಯ್ತಾ?"

"ಮಚ್ಚೆ ನಿಮ್ಮ ಹತ್ರ ಇತ್ತಾ?"

ಆ ಕಡೆ ಗಾಡಿ ಗಕ್ಕನೆ ನಿಂತ ಸದ್ದಾಯಿತು.

"ರೀ, ಗಿಡುಗ ಹಿಡೀಲಿಲ್ಲ ಅದನ್ನ. ನಾನು ಕಣ್ಣಾರೆ ನೋಡಿದೆ. ಹಾರ್ಕೊಂಡು ಹೋಯ್ತು. ಅಪ್ಪ ಬಾಯಲ್ಲಿ ನೀರು ಕುಡಿಸ್ತಾರೆ ಕಣ್ರೀ!"

"ಇಲ್ಲ, ಅಷ್ಟು ದೂರ ಹಾರಲ್ಲ ಅದು," ಎಂದ ಯೋಗರಾಜ್. ಅವನ ದನಿ ಕುಸಿದಿತ್ತು. "ತಿಂಗಳಿಂದ ರೆಕ್ಕೆ ಕಟ್ಟಿದ್ದೆ. ಎಲ್ಲೋ ಬಿದ್ದಿರುತ್ತೆ."

"ಎಲ್ಲಿದೀರಾ ನೀವು?"

"ಗೋಪಾಳದಲ್ಲಿ. ಗಾಡಿ ತುಂಬ ಸಿಮೆಂಟಿದೆ."

"ಸಿಮೆಂಟ್ ಮನೆ ಹಾಳಾಗ್ಲಿ! ಹೊರಡಿ. ಅಲ್ಲಿ ಅಕ್ಕಪಕ್ಕ ಯಾರಿಗಾದ್ರೂ ಫೋನ್ ಮಾಡಿ, ಆ ಹಕ್ಕಿ ಬಂದ್ರೆ ಮುಟ್ಬೇಡಿ ಅಂತ ಹೇಳ್ಸಿ."

"ಏನಂತ ಹೇಳ್ಸಲೇ? ಮಾವನ ಹಕ್ಕಿ ನನ್ನ ಹತ್ರ ಇತ್ತು ಅಂತ ಊರಿಗೆಲ್ಲ ಹೇಳ್ಲಾ?"

ಶೀಲಾ ಫೋನ್ ಇಟ್ಟಳು. ಇನ್ನು ಇವನನ್ನು ನಂಬಿ ಕೂತರೆ ಆಗುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಓಡುತ್ತಾ, ಎದುರಾದ ಮೇಷ್ಟ್ರಿಗೆ "ಅಪ್ಪನಿಗೆ ಹುಷಾರಿಲ್ಲ ಸಾರ್" ಎಂದಳು. ಹೇಳಿದ ಮೇಲೆ ಅಯ್ಯೋ, ಇದನ್ನೇ ಯಾಕೆ ಹೇಳಿದೆ ಎಂದು ನಾಲಿಗೆ ಕಚ್ಚಿಕೊಂಡಳು.

ಭದ್ರಾವತಿಯ ಖಾಸಗಿ ಬಸ್ಸಿಗೆ ಆ ಮಧ್ಯಾಹ್ನ ಯಾವ ಅವಸರವೂ ಇರಲಿಲ್ಲ. ಕೈ ತೋರಿಸಿದಲ್ಲೆಲ್ಲ ನಿಂತಿತು. ಒಂದು ಕಡೆ ಮುದುಕಿಯೊಬ್ಬಳ ಬಾಳೆಗೊನೆಯನ್ನು ಮೇಲೆ ಹಾಕಲು ಕ್ಲೀನರ್ ಏಣಿ ಹತ್ತಿದ. ಶೀಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ ಆಕಾಶ ನೋಡಿದಳು. ಕೊಕ್ಕರೆ ಕಂಡರೂ, ಕಾಗೆ ಕಂಡರೂ ಅವಳ ಜೀವ ಹಾರುತ್ತಿತ್ತು. ರೆಕ್ಕೆ ಸೋತು ಎಲ್ಲಾದರೂ ಕೂತಿರಲಿ ಎಂದು ಬೇಡಿಕೊಂಡಳು. ಹಕ್ಕಿ ನೀರು ಕಂಡಲ್ಲಿ ಇಳಿದು ಕುಡಿದುಕೊಳ್ಳಲಿ, ಅಲ್ಲೇ ಸತ್ತುಹೋಗಲಿ. ಚಿಕ್ಕವಳಿದ್ದಾಗ ಅವಳೂ ಅಪ್ಪನ ಹಾಗೆ ಬಾಯಲ್ಲಿ ನೀರು ತುಂಬಿಕೊಂಡು ಮರಿಗಳಿಗೆ ಕುಡಿಸಿದ್ದಳು. ಕೊಕ್ಕು ನಾಲಿಗೆಗೆ ತಾಗಿದಾಗ ಆಗುವ ಕಚಗುಳಿ ಈಗ ಅವಳ ಬಾಯಲ್ಲೆಲ್ಲ ಹರಿದಾಡಿ ವಾಕರಿಕೆ ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು, "ನಿಂಬೆಹಣ್ಣು ಮೂಸ್ತೀಯೇನವ್ವ?" ಎಂದಳು.

ಜನ್ನಾಪುರದಲ್ಲಿ ಇಳಿದವಳು ಚಪ್ಪಲಿ ಕಿತ್ತದ್ದನ್ನೂ ನೋಡದೆ ಓಡಿದಳು. ಮನೆಯ ಮುಂಬಾಗಿಲು ಮುಂದಕ್ಕೆ ಮಾಡಿತ್ತು ಅಷ್ಟೇ. ಒಳಗೆ ಯಾರೂ ಇಲ್ಲ. "ಅಪ್ಪಾ!" ಎಂದು ಕೂಗುತ್ತಾ ಹಿಂದಿನ ಮೆಟ್ಟಿಲು ಹತ್ತಿದಳು.

ನಾಗಯ್ಯ ತಾರಸಿಯ ನಡುವೆ ಅವಳಿಗೆ ಬೆನ್ನು ಹಾಕಿ ನಿಂತಿದ್ದರು. ಕೈಯಲ್ಲಿ ಹಕ್ಕಿ ಇರಲಿಲ್ಲ. ಶೀಲಾ ಗೋಡೆ ಹಿಡಿದುಕೊಂಡಳು. ಬಂದಿಲ್ಲ, ಇನ್ನೂ ಬಂದಿಲ್ಲ. "ಅಪ್ಪಾ," ಎಂದು ಹೋಗಿ ಭುಜ ಹಿಡಿದು ತಿರುಗಿಸಿದಳು.

ಅವರ ಎರಡೂ ಕೆನ್ನೆ ಉಬ್ಬಿದ್ದವು. ಬಾಯಿ ತುಂಬ ನೀರು ತುಂಬಿಕೊಂಡಿದ್ದರು. ಕಣ್ಣಿನಿಂದಲೂ ನೀರು ಹರಿಯುತ್ತಿತ್ತು. ಮಾತಾಡಲಾರದೆ ಮಗಳ ತೋಳು ಅದುಮಿ, ಬೆರಳನ್ನು ಆಕಾಶಕ್ಕೆ ತೋರಿಸಿದರು. ಮನೆಯ ಮೇಲೆಯೇ ಒಂದು ಬೂದು ಹಕ್ಕಿ ಓಲಾಡುತ್ತಾ ಸುತ್ತು ಹಾಕುತ್ತಿತ್ತು.

"ಅಪ್ಪಾ, ಅದನ್ನ ಮುಟ್ಬೇಡ! ವಿಷ ಹಚ್ಚಿದಾರೆ ಅದಕ್ಕೆ! ಅಪ್ಪಾ, ಕೇಳ್ತಾ ಇದ್ಯಾ? ವಿಷ!"

ನಾಗಯ್ಯ ಮಗಳ ಮುಖ ನೋಡಿ ಕಣ್ಣಲ್ಲೇ ನಕ್ಕರು. ಅವರಿಗೆ ಕೇಳಿಸಿದ್ದು ಎಷ್ಟೋ, ಬಿಟ್ಟದ್ದು ಎಷ್ಟೋ. ಮಗಳೂ ಸಂತೋಷಕ್ಕೆ ಕಿರುಚುತ್ತಿದ್ದಾಳೆ ಎಂದುಕೊಂಡಿರಬೇಕು. ಅವಳು ಕಿವಿಯ ಹತ್ತಿರ ಬಾಯಿ ಇಟ್ಟು ಮತ್ತೆ ಕೂಗುವಷ್ಟರಲ್ಲಿ ಮಚ್ಚೆ ಕಲ್ಲು ಬಿದ್ದ ಹಾಗೆ ಇಳಿಯಿತು. ನೇರ ನಾಗಯ್ಯನವರ ಹೆಗಲಿಗೆ. ಕತ್ತು ಚಾಚಿ ತುಟಿ ಹುಡುಕಿತು. ನಾಗಯ್ಯ ಕಣ್ಣು ಮುಚ್ಚಿ ಅದರ ಕಡೆಗೆ ಮುಖ ತಿರುಗಿಸಿದರು.

ಶೀಲಾ ಬರಿಗೈಯಲ್ಲಿ ಬಾರಿಸಿದಳು. ಹಕ್ಕಿ ಗಿರ್ರನೆ ತಿರುಗಿ ನೆಲಕ್ಕೆ ಬಿದ್ದು, ಒಂದು ರೆಕ್ಕೆ ಎಳೆದುಕೊಂಡು ಗೂಡಿನ ಕಡೆಗೆ ತೆವಳಿತು.

ನಾಗಯ್ಯ ಮಗಳನ್ನು ನೋಡಿದ ನೋಟವನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಅವರ ಕೆನ್ನೆ ಇನ್ನೂ ಉಬ್ಬಿಯೇ ಇತ್ತು. ಶೀಲಾ ಅಳುತ್ತಾ ಕೈ ಮುಗಿದಳು. ಅಷ್ಟರಲ್ಲಿ ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಯೋಗರಾಜ್ ಮೈಯೆಲ್ಲ ಸಿಮೆಂಟು ಮಾಡಿಕೊಂಡು ಮೇಲೆ ಬಂದ. ಬಂದವನೇ, "ಬಾಯಿಗೆ ಕೊಟ್ರಾ? ಕೊಟ್ಟುಬಿಟ್ರಾ?" ಎಂದು ಕೂಗಿದ. ಆಮೇಲೆ ಮೂಲೆಯಲ್ಲಿ ಮಚ್ಚೆಯನ್ನು ಕಂಡು ಅಲ್ಲೇ ನಿಂತುಬಿಟ್ಟ.

ನಾಗಯ್ಯ ಹಕ್ಕಿಯನ್ನು ನೋಡಿದರು, ಅಳಿಯನನ್ನು ನೋಡಿದರು.

"ಹೇಳಿ," ಎಂದಳು ಶೀಲಾ ಗಂಡನಿಗೆ. "ಜೋರಾಗಿ ಹೇಳಿ, ಅವರಿಗೆ ಕೇಳಿಸ್ಲಿ."

ಯೋಗರಾಜ್ ಇಡೀ ಬೀದಿಗೆ ಕೇಳುವಂತೆ ಕೂಗಿದ. "ನಮ್ಮ ತಾರಸಿಗೇ ಇಳಿದಿತ್ತು ಮಾವ! ನಾನೇ ಬಚ್ಚಿಟ್ಟಿದ್ದು! ವಿಷ ಹಚ್ಚಿದ್ದೂ ನಾನೇ!"

ನಾಗಯ್ಯನವರ ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಉಬ್ಬಿದ ಕೆನ್ನೆ ಇಳಿಯಿತು. ಬಾಯಲ್ಲಿದ್ದ ನೀರನ್ನು ಅವರು ನುಂಗಿಬಿಟ್ಟಿದ್ದರು.

"ಉಗಿ ಅಪ್ಪಾ! ಉಗಿ!" ಶೀಲಾ ಅವರ ಗಲ್ಲ ಹಿಡಿದು ಅಲ್ಲಾಡಿಸಿದಳು. "ಕೊಕ್ಕು ತಾಗಿತ್ತಾ? ನಾನು ಹೊಡಿಯೋಕೆ ಮುಂಚೆ ತಾಗಿತ್ತಾ? ಹೇಳಪ್ಪಾ!" ಅವಳು ನೋಡಿದ್ದಳು, ಅಷ್ಟು ಹತ್ತಿರದಿಂದ ನೋಡಿದ್ದಳು, ಆದರೂ ತಾಗಿತ್ತೋ ಇಲ್ಲವೋ ಅವಳಿಗೆ ಹೇಳಲಾಗುತ್ತಿರಲಿಲ್ಲ. ಅಪ್ಪನ ಅಂಗಿಯ ಹೆಗಲಿನಿಂದ ಔಷಧಿಯ ವಾಸನೆ ಬರುತ್ತಿತ್ತು. ಅಂಗಿಯನ್ನು ಹರಿದೇ ತೆಗೆದಳು. ನಾಗಯ್ಯ ಕೈ ಎತ್ತಿ ತುಟಿ ಮುಟ್ಟಿಕೊಂಡರು, ಬೆರಳನ್ನು ನೋಡಿಕೊಂಡರು.

ಯೋಗರಾಜ್ ಅವರ ಮುಂದೆ ಕುಕ್ಕರಗಾಲಲ್ಲಿ ಕೂತು, ಮಾವನನ್ನು ಬೆನ್ನ ಮೇಲೆ ಹೇರಿಕೊಂಡ. ನಾಗಯ್ಯ ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲಿಲ್ಲ. ಮೆಟ್ಟಿಲು ಇಳಿಯುತ್ತಾ ಯೋಗರಾಜ್ "ಮಾವ, ಮಾತಾಡಿ. ಮಾವ, ಒಂದು ಮಾತಾಡಿ" ಎನ್ನುತ್ತಲೇ ಇದ್ದ. ಆಟೊದ ಹಿಂದೆ ಸಿಮೆಂಟ್ ಮೂಟೆಗಳ ನಡುವೆ ಅವರನ್ನು ಕೂರಿಸಿ, ಶೀಲಾ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡಳು. ಗಾಡಿ ಆಸ್ಪತ್ರೆಯ ಕಡೆ ಓಡಿತು.

"ಅಪ್ಪಾ, ಬೈಯಪ್ಪಾ," ಎಂದಳು ಶೀಲಾ. "ಅವರಿಗೆ ಬಾಯಿಗೆ ಬಂದ ಹಾಗೆ ಬೈ. ನನಗೂ ಬೈ. ಒಂದೇ ಒಂದು ಸಲ ಬೈಯಪ್ಪಾ."

ನಾಗಯ್ಯ ಹಿಂದೆ ಸರಿಯುತ್ತಿದ್ದ ರಸ್ತೆಯನ್ನು ನೋಡುತ್ತಾ ಕೂತಿದ್ದರು. ತುಟಿ ಬಿಗಿದಿತ್ತು. ಅದು ಸಿಟ್ಟಿಗೆ ಬಿಗಿದದ್ದೋ ವಿಷಕ್ಕೆ ಬಿಗಿದದ್ದೋ ಅವಳಿಗೆ ಗೊತ್ತಾಗಲಿಲ್ಲ.